ಪ್ರತಿರಕ್ಷಾ ಕೋಶಗಳ ಮೇಲ್ಮೈ ಪ್ರತಿಜನಕಗಳ ಮೇಲೆ ಜೀವಕೋಶ ಕೃಷಿಯ ಪ್ರಭಾವ

ಮಾನವನ ಪ್ರತಿರಕ್ಷಾ ಕೋಶಗಳ ಹೊರಪೊರೆಯ ಮೇಲೆ ನೂರಾರು ಬಗೆಯ ಪ್ರೋಟೀನುಗಳೂ ಸಕ್ಕರೆಯುಕ್ತ ಅಣುಗಳೂ ಇರುತ್ತವೆ. ಇವುಗಳಲ್ಲಿ ಪ್ರತಿಕಾಯಗಳ ನೆರವಿನಿಂದ ಗುರುತಿಸಬಹುದಾದವುಗಳನ್ನು ಮೇಲ್ಮೈ ಪ್ರತಿಜನಕಗಳು ಎಂದು ಕರೆಯಲಾಗುತ್ತದೆ. ಒಂದು ಬಿಳಿ ರಕ್ತಕಣವು ಯಾವ ವರ್ಗಕ್ಕೆ ಸೇರಿದ್ದು, ಅದು ವಿಶ್ರಾಂತ ಸ್ಥಿತಿಯಲ್ಲಿದೆಯೋ ಉದ್ದೀಪಿತವಾಗಿದೆಯೋ, ಹೊಸತೋ ಹಳತೋ ಎಂಬುದನ್ನು ಈ ಅಣುಗಳ ಆಧಾರದಿಂದಲೇ ನಿರ್ಧರಿಸುತ್ತಾರೆ. ಆದರೆ ದೇಹದಿಂದ ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಈ ಪ್ರತಿಜನಕಗಳ ಪ್ರಮಾಣ ಸ್ಥಿರವಾಗಿ ಉಳಿಯುವುದಿಲ್ಲ. ಪೋಷಕ ಮಾಧ್ಯಮ, ಸೀರಮ್, ಆಮ್ಲಜನಕ, ಉಷ್ಣತೆ, ಪಾತ್ರೆಯ ಮೇಲ್ಮೈ, ಕೋಶಗಳ ದಟ್ಟಣೆ, ಸೇರಿಸಿದ ಸೈಟೊಕೈನುಗಳು ಮತ್ತು ಕೃಷಿಯ ಅವಧಿ ಇವೆಲ್ಲವೂ ಅದನ್ನು ಬದಲಿಸುತ್ತವೆ. ಆದ್ದರಿಂದ ಕೃಷಿಯಲ್ಲಿ ಬೆಳೆದ ಕೋಶದ ಮೇಲೆ ಅಳೆದ ಪ್ರತಿಜನಕವು ಕೋಶದ ಗುಣವನ್ನಷ್ಟೇ ಅಲ್ಲದೆ ಅದು ಬೆಳೆದ ಪರಿಸರದ ಗುಣವನ್ನೂ ಸೂಚಿಸುತ್ತದೆ.

ಈ ವಿಷಯವು ಸಂಶೋಧನೆಗೆ ಮಾತ್ರ ಸೀಮಿತವಲ್ಲ. ಎಚ್‌ಐವಿ ಸೋಂಕಿತರ ಸಿಡಿ4 ಎಣಿಕೆ, ರಕ್ತದ ಕ್ಯಾನ್ಸರಿನ ವರ್ಗೀಕರಣ ಹಾಗೂ ರೋಗಿಯ ಟಿ ಕೋಶಗಳನ್ನೇ ಔಷಧವಾಗಿ ಮಾರ್ಪಡಿಸುವ ಕಾರ್-ಟಿ ಚಿಕಿತ್ಸೆ ಈ ಮೂರೂ ಮೇಲ್ಮೈ ಪ್ರತಿಜನಕಗಳ ಸರಿಯಾದ ಅಳತೆಯನ್ನು ಅವಲಂಬಿಸಿವೆ.

ಹಿನ್ನೆಲೆ

ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಅವರು 1975ರಲ್ಲಿ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಮಾನೊಕ್ಲೋನಲ್ ಪ್ರತಿಕಾಯ ಎಂದು ಹೆಸರಾದ ಈ ಸಾಧನದಿಂದ ಬಿಳಿ ರಕ್ತಕಣಗಳ ಮೇಲಿನ ಅಣುಗಳನ್ನು ಒಂದೊಂದಾಗಿ ಗುರುತಿಸುವುದು ಸಾಧ್ಯವಾಯಿತು. ಇಬ್ಬರೂ ನೀಲ್ಸ್ ಯೆರ್ನೆ ಅವರೊಂದಿಗೆ 1984ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಒಂದೇ ಅಣುವಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿಡತೊಡಗಿದ್ದರಿಂದ ಉಂಟಾದ ಗೊಂದಲವನ್ನು ನಿವಾರಿಸಲು 1982ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಒಂದೇ ಅಣುವನ್ನು ಗುರುತಿಸುವ ಪ್ರತಿಕಾಯಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೆ ‘ಸಿಡಿ’ ಎಂಬ ಅಕ್ಷರಗಳೊಂದಿಗೆ ಒಂದು ಸಂಖ್ಯೆ ಕೊಡುವ ಪದ್ಧತಿ ಅಲ್ಲಿಂದ ಆರಂಭವಾಯಿತು. ಈಗ ಇಂಥ ಸಂಖ್ಯೆಗಳು 370ನ್ನು ದಾಟಿವೆ. ಟಿ ಕೋಶಗಳಿಗೆ ಸಿಡಿ3, ಸಹಾಯಕ ಟಿ ಕೋಶಗಳಿಗೆ ಸಿಡಿ4, ಮಾರಕ ಟಿ ಕೋಶಗಳಿಗೆ ಸಿಡಿ8, ಬಿ ಕೋಶಗಳಿಗೆ ಸಿಡಿ19, ಮೊನೊಸೈಟುಗಳಿಗೆ ಸಿಡಿ14, ಸಹಜ ಮಾರಕ ಕೋಶಗಳಿಗೆ ಸಿಡಿ56 ಪ್ರಮುಖ ಗುರುತುಗಳಾಗಿವೆ.

ಈ ಗುರುತುಗಳನ್ನು ಅಳೆಯಲು ಫ್ಲೋ ಸೈಟೊಮೆಟ್ರಿ ಎಂಬ ತಂತ್ರವನ್ನು ಬಳಸುತ್ತಾರೆ. ಪ್ರತಿದೀಪ್ತ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಕೋಶಗಳೊಂದಿಗೆ ಬೆರೆಸಿ, ಕೋಶಗಳನ್ನು ಒಂದರ ಹಿಂದೊಂದರಂತೆ ಲೇಸರ್ ಕಿರಣದ ಮುಂದೆ ಹರಿಯಬಿಡಲಾಗುತ್ತದೆ. ಪ್ರತಿ ಕೋಶ ಹೊಮ್ಮಿಸುವ ಬೆಳಕಿನ ತೀವ್ರತೆಯಿಂದ ಅದರ ಮೇಲೆ ಆ ಪ್ರತಿಜನಕ ಎಷ್ಟಿದೆ ಎಂಬ ಅಂದಾಜು ದೊರೆಯುತ್ತದೆ. ಫಲಿತಾಂಶವನ್ನು ಎರಡು ರೀತಿಗಳಲ್ಲಿ ಹೇಳಬಹುದು. ಪ್ರತಿಜನಕವಿರುವ ಕೋಶಗಳ ಶೇಕಡಾವಾರು ಪ್ರಮಾಣ ಒಂದು, ಪ್ರತಿ ಕೋಶದ ಮೇಲಿನ ಸರಾಸರಿ ತೀವ್ರತೆ ಇನ್ನೊಂದು. ಇವೆರಡೂ ಒಂದೇ ಅಲ್ಲ. ಕೃಷಿಯ ಪ್ರಭಾವವನ್ನು ಅರಿಯಲು ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಬದಲಾವಣೆ ಉಂಟಾಗುವ ಬಗೆಗಳು

ಕೃಷಿಯಲ್ಲಿ ಒಂದು ಪ್ರತಿಜನಕ ಹೆಚ್ಚಿತು ಅಥವಾ ಕಡಿಮೆಯಾಯಿತು ಎಂದು ಕಂಡಾಗ, ಅದರ ಹಿಂದೆ ಕೆಳಗಿನ ಕಾರಣಗಳಲ್ಲಿ ಒಂದೋ ಹಲವೋ ಇರಬಹುದು.

* ಜೀನ್ ಮಟ್ಟದ ಬದಲಾವಣೆ: ಕೋಶವು ಹೊಸ ಪ್ರೋಟೀನನ್ನು ತಯಾರಿಸತೊಡಗುತ್ತದೆ ಅಥವಾ ಹಳೆಯದನ್ನು ನಿಲ್ಲಿಸುತ್ತದೆ. ಇದಕ್ಕೆ ಗಂಟೆಗಳಿಂದ ದಿನಗಳವರೆಗೆ ಕಾಲ ಬೇಕು.
* ಒಳಸೇರುವಿಕೆ: ಪ್ರತಿಜನಕವು ಹೊರಪೊರೆಯಿಂದ ಕೋಶದೊಳಕ್ಕೆ ಎಳೆಯಲ್ಪಡುತ್ತದೆ. ಟಿ ಕೋಶವನ್ನು ಉದ್ದೀಪಿಸಿದಾಗ ಸಿಡಿ3 ಹೀಗೆ ಇಳಿಯುತ್ತದೆ. ಇದು ನಿಮಿಷಗಳಲ್ಲಿ ಆರಂಭವಾಗುತ್ತದೆ.
* ಕತ್ತರಿಸಿಹೋಗುವಿಕೆ: ಹೊರಪೊರೆಯಲ್ಲಿರುವ ಎಡ್ಯಾಮ್17ರಂಥ ಕಿಣ್ವಗಳು ಪ್ರತಿಜನಕದ ಹೊರಭಾಗವನ್ನು ಕತ್ತರಿಸಿ ಮಾಧ್ಯಮಕ್ಕೆ ಬಿಡುತ್ತವೆ. ಸಿಡಿ62ಎಲ್ ಮತ್ತು ಸಹಜ ಮಾರಕ ಕೋಶಗಳ ಸಿಡಿ16 ಇದಕ್ಕೆ ಪ್ರಸಿದ್ಧ ಉದಾಹರಣೆಗಳು.
* ಮರೆಯಾಗುವಿಕೆ: ಪ್ರತಿಜನಕ ಅಲ್ಲಿಯೇ ಇದ್ದರೂ ಬೇರೊಂದು ಅಣು ಅದಕ್ಕೆ ಅಂಟಿಕೊಂಡಿರುವುದರಿಂದ ಅಥವಾ ಅದರ ಆಕಾರ ಬದಲಾದುದರಿಂದ ಪ್ರತಿಕಾಯಕ್ಕೆ ಸಿಗುವುದಿಲ್ಲ.
* ಎರವಲು: ಒಂದು ಕೋಶವು ಪಕ್ಕದ ಕೋಶದ ಪೊರೆಯ ತುಣುಕನ್ನು ಕಿತ್ತು ತನ್ನದಾಗಿಸಿಕೊಳ್ಳುತ್ತದೆ. ಆಗ ತಾನು ತಯಾರಿಸದ ಪ್ರತಿಜನಕವೂ ಅದರ ಮೇಲೆ ಕಾಣಿಸುತ್ತದೆ.
* ಆಯ್ಕೆ: ಯಾವ ಕೋಶವೂ ಬದಲಾಗದೆ, ಒಂದು ಬಗೆಯ ಕೋಶಗಳು ಸತ್ತು ಇನ್ನೊಂದು ಬಗೆಯವು ಬೆಳೆದಾಗ ಒಟ್ಟು ಶೇಕಡಾವಾರು ಬದಲಾಗುತ್ತದೆ.

ಕೊನೆಯ ಕಾರಣವನ್ನು ಕಡೆಗಣಿಸುವುದು ಸಾಮಾನ್ಯ. ಹತ್ತು ದಿನಗಳ ಕೃಷಿಯ ನಂತರ ಸಿಡಿ8 ಕೋಶಗಳ ಪಾಲು ದ್ವಿಗುಣವಾಗಿದ್ದರೆ ಸಿಡಿ4 ಕೋಶಗಳು ಸಿಡಿ8 ಆಗಿ ಮಾರ್ಪಟ್ಟವು ಎಂದು ತಿಳಿಯಬೇಕಾಗಿಲ್ಲ. ಆ ಮಾಧ್ಯಮದಲ್ಲಿ ಸಿಡಿ8 ಕೋಶಗಳು ಹೆಚ್ಚು ವೇಗವಾಗಿ ವಿಭಜಿಸಿರಬಹುದು. ಕೋಶಗಳ ಒಟ್ಟು ಎಣಿಕೆಯನ್ನೂ ವಿಭಜನೆಯನ್ನು ತೋರಿಸುವ ಬಣ್ಣಗಳನ್ನೂ ಬಳಸಿದಾಗ ಮಾತ್ರ ಇವೆರಡನ್ನು ಬೇರ್ಪಡಿಸಬಹುದು.

ಕೃಷಿಗೆ ಮುನ್ನ ಉಂಟಾಗುವ ಬದಲಾವಣೆಗಳು

ಕೋಶಗಳು ಪಾತ್ರೆಗೆ ಬೀಳುವ ಮೊದಲೇ ಹಲವು ಪ್ರತಿಜನಕಗಳು ಬದಲಾಗಿರುತ್ತವೆ.

ರಕ್ತ ಹೆಪ್ಪುಗಟ್ಟದಂತೆ ಬಳಸುವ ವಸ್ತುವಿನ ಆಯ್ಕೆ ಮೊದಲ ಹಂತ. ಇಡಿಟಿಎ ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ. ಕ್ಯಾಲ್ಸಿಯಂ ಇದ್ದಾಗ ಮಾತ್ರ ಸರಿಯಾದ ಆಕಾರದಲ್ಲಿರುವ ಪ್ರತಿಜನಕಗಳು ಆಗ ಕೈತಪ್ಪುತ್ತವೆ. ಕಿರುಬಿಲ್ಲೆಗಳ ಮೇಲಿನ ಸಿಡಿ41 ಮತ್ತು ಸಿಡಿ61 ಜೋಡಿಯು ಇಡಿಟಿಎ ಇರುವಾಗ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇರ್ಪಡುವುದು ಇದಕ್ಕೆ ನಿದರ್ಶನ. ಹೆಪಾರಿನ್ ಕ್ಯಾಲ್ಸಿಯಮ್ಮನ್ನು ಹಾಗೆಯೇ ಬಿಡುತ್ತದೆ.

ಬಿಳಿ ರಕ್ತಕಣಗಳನ್ನು ಬೇರ್ಪಡಿಸಲು ನಾರ್ವೆಯ ಆರ್ನೆ ಬೊಯುಮ್ 1968ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ದ್ರವದ ಮೇಲೆ ರಕ್ತವನ್ನು ಹರವಿ ಅಪಕೇಂದ್ರಕದಲ್ಲಿ ತಿರುಗಿಸಿದರೆ ಲಿಂಫೊಸೈಟುಗಳೂ ಮೊನೊಸೈಟುಗಳೂ ನಡುವಿನ ಪದರದಲ್ಲಿ ನಿಲ್ಲುತ್ತವೆ. ಈ ತಿರುಗಾಟ, ತೊಳೆಯುವಿಕೆ ಮತ್ತು ತಂಪಿನಿಂದ ಬೆಚ್ಚಗಿನ ಸ್ಥಿತಿಗೆ ಬರುವ ಏರಿಳಿತಗಳಿಗೆ ನ್ಯೂಟ್ರೊಫಿಲ್‌ಗಳು ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತವೆ. ಅವುಗಳ ಸಿಡಿ11ಬಿ ಏರುತ್ತದೆ, ಸಿಡಿ62ಎಲ್ ಉದುರುತ್ತದೆ. ಇವೆರಡೂ ದೇಹದಲ್ಲಿ ಸೋಂಕಿನ ಲಕ್ಷಣಗಳೂ ಹೌದು. ಹೀಗಾಗಿ ಒರಟಾಗಿ ನಿರ್ವಹಿಸಿದ ಆರೋಗ್ಯವಂತರ ರಕ್ತವು ರೋಗಿಯ ರಕ್ತದಂತೆ ಕಾಣಬಲ್ಲದು.

ಟಾನ್ಸಿಲ್, ಗುಲ್ಮ ಅಥವಾ ಗೆಡ್ಡೆಯಂಥ ಗಟ್ಟಿ ಅಂಗಾಂಶದಿಂದ ಕೋಶಗಳನ್ನು ಬಿಡಿಸಲು ಕಿಣ್ವಗಳನ್ನು ಬಳಸಿದರೆ ತೊಂದರೆ ಇನ್ನೂ ಹೆಚ್ಚು. ಟ್ರಿಪ್ಸಿನ್ ಹಲವು ಪ್ರತಿಜನಕಗಳನ್ನು ಕತ್ತರಿಸಿಹಾಕುತ್ತದೆ. ಡಿಸ್ಪೇಸ್ ಮುಂತಾದ ಕಿಣ್ವಗಳಿರುವ ಮಿಶ್ರಣಗಳು ಸಿಡಿ4 ಮತ್ತು ಸಿಡಿ8ರ ಸಂಕೇತವನ್ನು ಕುಗ್ಗಿಸಬಲ್ಲವು. ಇಂಥ ಸಂದರ್ಭದಲ್ಲಿ ರಕ್ತದಿಂದ ಪಡೆದ ಕೋಶಗಳಿಗೂ ಅದೇ ಕಿಣ್ವವನ್ನು ಅಷ್ಟೇ ಹೊತ್ತು ಹಾಕಿ, ನಷ್ಟವೆಷ್ಟು ಎಂದು ಪರೀಕ್ಷಿಸುವುದು ರೂಢಿ.

ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುವುದರಿಂದಲೂ ಪ್ರತಿಜನಕಗಳು ಬದಲಾಗುತ್ತವೆ. ಟಿ ಕೋಶಗಳ ಸಿಡಿ62ಎಲ್ ಕರಗಿಸಿದ ಕೂಡಲೇ ಕಡಿಮೆಯಾಗಿ ಕಾಣುತ್ತದೆ. ಬೆಚ್ಚಗಿನ ಮಾಧ್ಯಮದಲ್ಲಿ ಕೆಲವು ಗಂಟೆ ಅಥವಾ ಒಂದು ರಾತ್ರಿ ವಿಶ್ರಾಂತಿ ಕೊಟ್ಟರೆ ಅದು ಭಾಗಶಃ ಮರಳುತ್ತದೆ. ತಾಜಾ ರಕ್ತದ ಫಲಿತಾಂಶವನ್ನು ಹೆಪ್ಪುಗಟ್ಟಿಸಿದ ಮಾದರಿಯ ಫಲಿತಾಂಶದೊಂದಿಗೆ ನೇರವಾಗಿ ಹೋಲಿಸಬಾರದು ಎಂಬ ನಿಯಮಕ್ಕೆ ಇದೇ ಆಧಾರ.

ಕೃಷಿ ಪರಿಸ್ಥಿತಿಯ ಅಂಶಗಳು

*ಪೋಷಕ ಮಾಧ್ಯಮ*

ಮಾನವ ಲಿಂಫೊಸೈಟುಗಳಿಗೆ ಹೆಚ್ಚಾಗಿ ಬಳಕೆಯಾಗುವ ಆರ್‌ಪಿಎಂಐ 1640 ಎಂಬ ಮಾಧ್ಯಮವು ಅಮೆರಿಕದ ರೋಸ್‌ವೆಲ್ ಪಾರ್ಕ್ ಸ್ಮಾರಕ ಸಂಸ್ಥೆಯಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. ಕೋಶಗಳನ್ನು ಚೆನ್ನಾಗಿ ಬೆಳೆಸುವುದು ಅದರ ಗುರಿಯಾಗಿತ್ತೇ ಹೊರತು ರಕ್ತವನ್ನು ಅನುಕರಿಸುವುದಾಗಿರಲಿಲ್ಲ. ಅದರಲ್ಲಿ ಗ್ಲೂಕೋಸ್ ಪ್ರತಿ ಲೀಟರಿಗೆ 2 ಗ್ರಾಂ, ಅಂದರೆ ಸುಮಾರು 11 ಮಿಲಿಮೋಲಾರ್ ಇದೆ. ಉಪವಾಸವಿರುವ ಆರೋಗ್ಯವಂತರ ರಕ್ತದಲ್ಲಿ ಇದು ಸುಮಾರು 5 ಮಿಲಿಮೋಲಾರ್. ಕ್ಯಾಲ್ಸಿಯಂ ಮಾತ್ರ ತದ್ವಿರುದ್ಧ: ಮಾಧ್ಯಮದಲ್ಲಿ ಸುಮಾರು 0.4 ಮಿಲಿಮೋಲಾರ್, ರಕ್ತದಲ್ಲಿ ಮುಕ್ತ ಸ್ಥಿತಿಯ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್.

ಟಿ ಕೋಶದ ಉದ್ದೀಪನೆಯು ಕ್ಯಾಲ್ಸಿಯಂ ಒಳಹರಿವನ್ನು ಅವಲಂಬಿಸಿರುವುದರಿಂದ ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಮಾನವ ರಕ್ತದ ಪ್ಲಾಸ್ಮಾವನ್ನು ಹೋಲುವಂತೆ ರಚಿಸಿದ ಮಾಧ್ಯಮವೊಂದನ್ನು ಅಮೆರಿಕದ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಬೆಳೆಸಿದ ಮಾನವ ಟಿ ಕೋಶಗಳು ಉದ್ದೀಪನೆಗೆ ಹೆಚ್ಚು ಚುರುಕಾಗಿ ಸ್ಪಂದಿಸಿದ್ದು ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಅದಕ್ಕೆ ಮುಖ್ಯ ಕಾರಣ ಹೆಚ್ಚಿನ ಕ್ಯಾಲ್ಸಿಯಂ ಎಂದೂ ತಿಳಿದುಬಂತು.

*ಸೀರಮ್*

ಮಾಧ್ಯಮಕ್ಕೆ ಸಾಮಾನ್ಯವಾಗಿ ಶೇ. 10ರಷ್ಟು ಕರುವಿನ ಭ್ರೂಣದ ಸೀರಮ್ ಸೇರಿಸುತ್ತಾರೆ. ಅದರ ಸಂಯೋಜನೆ ಒಂದು ತಂಡದ ಶೀಶೆಯಿಂದ ಇನ್ನೊಂದು ತಂಡದ ಶೀಶೆಗೆ ಬದಲಾಗುತ್ತದೆ. ಇದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಡೆಂಡ್ರೈಟಿಕ್ ಕೋಶಗಳಲ್ಲಿ. ಮೊನೊಸೈಟುಗಳಿಗೆ ಜಿಎಂ-ಸಿಎಸ್‌ಎಫ್ ಮತ್ತು ಐಎಲ್-4 ಕೊಟ್ಟು ಈ ಕೋಶಗಳನ್ನು ಪಡೆಯುವ ವಿಧಾನವನ್ನು ಸಲ್ಲುಸ್ಟೊ ಮತ್ತು ಲಾಂಜಾವೆಕ್ಕಿಯ 1994ರಲ್ಲಿ ಪ್ರಕಟಿಸಿದರು. ಕರುವಿನ ಸೀರಮ್‌ನಲ್ಲಿ ಬೆಳೆಸಿದಾಗ ಇವು ಸಿಡಿ1ಎ ಪ್ರತಿಜನಕವನ್ನು ಧಾರಾಳವಾಗಿ ತೋರಿಸುತ್ತವೆ. ಮಾನವ ಸೀರಮ್ ಬಳಸಿದರೆ ಸಿಡಿ1ಎ ಬಹಳಷ್ಟು ಕುಗ್ಗುತ್ತದೆ. ಮಾನವ ಸೀರಮ್‌ನಲ್ಲಿರುವ ಕೊಬ್ಬಿನ ಅಣುಗಳು ಇದಕ್ಕೆ ಕಾರಣವೆಂದು ತೋರಿಸಲಾಗಿದೆ. ಒಂದೇ ವ್ಯಕ್ತಿಯ ಮೊನೊಸೈಟುಗಳು ಸೀರಮ್ ಬದಲಾದ ಮಾತ್ರಕ್ಕೆ ಎರಡು ಬಗೆಯ ಕೋಶಗಳಂತೆ ಕಾಣಿಸುತ್ತವೆ.

*ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್*

ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಸಾಮಾನ್ಯ ಇನ್‌ಕ್ಯುಬೇಟರಿನ ಗಾಳಿಯಲ್ಲಿ ಆಮ್ಲಜನಕ ಶೇ. 18ರಿಂದ 19ರಷ್ಟು ಇರುತ್ತದೆ. ದೇಹದ ಬಹುತೇಕ ಅಂಗಾಂಶಗಳಲ್ಲಿ ಅದು ಶೇ. 1ರಿಂದ 7ರಷ್ಟಕ್ಕೆ ಸಮನಾಗಿರುತ್ತದೆ. ದುಗ್ಧ ಗ್ರಂಥಿಯಲ್ಲಿ ವಾಸಿಸುವ ಟಿ ಕೋಶಕ್ಕೆ ಇನ್‌ಕ್ಯುಬೇಟರ್ ಎಂದರೆ ಆಮ್ಲಜನಕದ ಅತಿವೃಷ್ಟಿ. ಆಮ್ಲಜನಕ ಕಡಿಮೆಯಾದಾಗ ಎಚ್‌ಐಎಫ್-1 ಎಂಬ ನಿಯಂತ್ರಕ ಪ್ರೋಟೀನು ಸ್ಥಿರಗೊಂಡು ಹಲವು ಜೀನುಗಳನ್ನು ಎಚ್ಚರಿಸುತ್ತದೆ. ಮೊನೊಸೈಟು ಮತ್ತು ಮ್ಯಾಕ್ರೊಫೇಜುಗಳಲ್ಲಿ ಸಿಎಕ್ಸ್‌ಸಿಆರ್4 ಏರುವುದು ಇದರ ಒಂದು ಪರಿಣಾಮ.

ಇನ್‌ಕ್ಯುಬೇಟರ್‌ಗಳು ತೋರಿಸುವುದು ಶೇಕಡಾ ಪ್ರಮಾಣವನ್ನು. ಕೋಶಗಳು ಅನುಭವಿಸುವುದು ಅನಿಲದ ಆಂಶಿಕ ಒತ್ತಡವನ್ನು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವು ಮಂಗಳೂರಿಗಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಕಡಿಮೆ. ಆದ್ದರಿಂದ ಎರಡೂ ಊರುಗಳಲ್ಲಿ ಯಂತ್ರವು ಶೇ. 5 ಎಂದು ತೋರಿಸುತ್ತಿದ್ದರೂ ಬೆಂಗಳೂರಿನ ಪಾತ್ರೆಯಲ್ಲಿ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ತುಸು ಕಡಿಮೆ ಕರಗಿರುತ್ತವೆ, ಮಾಧ್ಯಮದ ಪಿಎಚ್ ತುಸು ಮೇಲಿರುತ್ತದೆ. ಎತ್ತರದ ಊರುಗಳಲ್ಲಿ ಪಿಎಚ್ ಅನ್ನು ನೇರವಾಗಿ ಅಳೆದು ಅನಿಲದ ಪ್ರಮಾಣವನ್ನು ಹೊಂದಿಸಿಕೊಳ್ಳುವುದು ಉಚಿತ.

*ಪಾತ್ರೆ ಮತ್ತು ದಟ್ಟಣೆ*

ರಕ್ತದಲ್ಲಿ ತೇಲುತ್ತಿದ್ದ ಮೊನೊಸೈಟು ಪ್ಲಾಸ್ಟಿಕ್ ಪಾತ್ರೆಯ ತಳಕ್ಕೆ ಅಂಟಿಕೊಳ್ಳುವುದೇ ಅದಕ್ಕೆ ಒಂದು ಉದ್ದೀಪನೆ. ಈ ಪರಿಣಾಮವನ್ನು ತಗ್ಗಿಸಲು ಕೋಶಗಳು ಅಂಟದ ಟೆಫ್ಲಾನ್ ಚೀಲಗಳನ್ನು ಬಳಸುವುದುಂಟು. ಆದರೆ ಅಂಟಿದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಬಳಸಿದರೆ ಪ್ರತಿಜನಕಗಳು ಮತ್ತೆ ನಾಶವಾಗುವುದರಿಂದ, ತಣ್ಣಗಿನ ಇಡಿಟಿಎ ದ್ರಾವಣವನ್ನು ಆರಿಸಿಕೊಳ್ಳುತ್ತಾರೆ.

ಕೋಶಗಳು ಒತ್ತೊತ್ತಾಗಿದ್ದರೆ ಪೋಷಕಾಂಶ ಬೇಗ ಮುಗಿಯುತ್ತದೆ, ಲ್ಯಾಕ್ಟಿಕ್ ಆಮ್ಲ ಸಂಚಯವಾಗುತ್ತದೆ, ತಳದಲ್ಲಿ ಆಮ್ಲಜನಕ ಇಳಿಯುತ್ತದೆ, ಪರಸ್ಪರ ಸ್ಪರ್ಶ ಹೆಚ್ಚುತ್ತದೆ. ತೀರ ವಿರಳವಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ದೊರೆಯಬೇಕಾದ ಬದುಕುಳಿಯುವ ಸಂಕೇತಗಳು ಸಿಗುವುದಿಲ್ಲ. 1980ರಲ್ಲಿ ವಿವರಿಸಲಾದ ಟಿಎಚ್‌ಪಿ-1 ಎಂಬ ಮೊನೊಸೈಟು ಮಾದರಿಯ ಕೋಶಸಾಲಿನಲ್ಲಿ ಸಿಡಿ14 ಪ್ರಮಾಣವು ದಟ್ಟಣೆಗೆ ತಕ್ಕಂತೆ ಬದಲಾಗುತ್ತದೆ. ವಿಟಮಿನ್ ಡಿ3 ಕೊಟ್ಟರೆ ಅದೇ ಸಿಡಿ14 ಏರುತ್ತದೆ.

*ಸೈಟೊಕೈನುಗಳು, ಉದ್ದೀಪಕಗಳು ಮತ್ತು ಕಾಲ*

ಉದ್ದೀಪಿತ ಟಿ ಕೋಶದ ಮೇಲೆ ಪ್ರತಿಜನಕಗಳು ಒಂದು ಕ್ರಮದಲ್ಲಿ ಕಾಣಿಸಿಕೊಳ್ಳುತ್ತವೆ. ಸಿಡಿ69 ಮೊದಲ ಕೆಲವು ಗಂಟೆಗಳಲ್ಲೇ ಮೂಡುತ್ತದೆ. ಸಿಡಿ25 ಸುಮಾರು ಒಂದು ದಿನದ ಹೊತ್ತಿಗೆ ಎದ್ದು ಕಾಣುತ್ತದೆ. ಎಚ್‌ಎಲ್‌ಎ-ಡಿಆರ್ ಎರಡು ಮೂರು ದಿನಗಳ ನಂತರ ಬರುತ್ತದೆ. ಸಿಡಿ45ಆರ್‌ಎ ಇಳಿದು ಸಿಡಿ45ಆರ್‌ಒ ಏರುವ ಬದಲಾವಣೆಗೂ ದಿನಗಳು ಬೇಕು. ಆದ್ದರಿಂದ ‘ಉದ್ದೀಪನೆ ಆಗಿಲ್ಲ’ ಎಂಬ ತೀರ್ಮಾನವು ಯಾವ ಗಂಟೆಯಲ್ಲಿ ಯಾವ ಗುರುತನ್ನು ನೋಡಲಾಯಿತು ಎಂಬುದನ್ನು ಅವಲಂಬಿಸಿದೆ.

ಉದ್ದೀಪಕದ ಆಯ್ಕೆಯೂ ಅಷ್ಟೇ ಮುಖ್ಯ. ಸೈಟೊಕೈನ್ ಉತ್ಪಾದನೆಯನ್ನು ಅಳೆಯಲು ಬಳಸುವ ಪಿಎಂಎ ಎಂಬ ರಾಸಾಯನಿಕವು ಸಿಡಿ4 ಅಣುವನ್ನು ಕೋಶದೊಳಕ್ಕೆ ಸರಿಯುವಂತೆ ಮಾಡುತ್ತದೆ. ಸಿಡಿ4 ಆಧಾರದಿಂದ ಸಹಾಯಕ ಟಿ ಕೋಶಗಳನ್ನು ಹುಡುಕುವವರಿಗೆ ಆಗ ಅವು ಮಾಯವಾದಂತೆ ಕಾಣುತ್ತವೆ.

*ಮಾಲಿನ್ಯ*

ಬ್ಯಾಕ್ಟೀರಿಯಾದ ಹೊರಕವಚದಿಂದ ಬರುವ ಎಂಡೊಟಾಕ್ಸಿನ್ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೊನೊಸೈಟುಗಳನ್ನು ಕೆರಳಿಸುತ್ತದೆ. ಡೆಂಡ್ರೈಟಿಕ್ ಕೋಶಗಳು ಅದರಿಂದಾಗಿ ಸಿಡಿ80, ಸಿಡಿ83, ಸಿಡಿ86ಗಳನ್ನು ಏರಿಸಿ ಪಕ್ವಗೊಳ್ಳುತ್ತವೆ. ಕೋಶಸಾಲುಗಳಲ್ಲಿ ಕಣ್ಣಿಗೆ ಕಾಣದೆ ಬೆಳೆಯುವ ಮೈಕೊಪ್ಲಾಸ್ಮಾ ಸೋಂಕೂ ಪ್ರತಿಜನಕಗಳನ್ನು ಬದಲಿಸುತ್ತದೆ. ನಿಯಮಿತ ಪರೀಕ್ಷೆಯಿಂದ ಮಾತ್ರ ಇವನ್ನು ಪತ್ತೆಹಚ್ಚಬಹುದು.

ಕೋಶವರ್ಗಗಳಲ್ಲಿನ ವ್ಯತ್ಯಾಸಗಳು

* ಟಿ ಕೋಶಗಳು: ಸಿಡಿ4 ಮತ್ತು ಸಿಡಿ8 ವಿಶ್ರಾಂತ ಕೃಷಿಯಲ್ಲಿ ಸಾಕಷ್ಟು ಸ್ಥಿರ. ಸಿಡಿ62ಎಲ್, ಸಿಸಿಆರ್7 ಮತ್ತು ಉದ್ದೀಪನೆಯ ಗುರುತುಗಳು ಅಸ್ಥಿರ. ದೀರ್ಘಕಾಲದ ಉದ್ದೀಪನೆಯಲ್ಲಿ ಪಿಡಿ-1, ಟಿಮ್-3, ಲ್ಯಾಗ್-3 ಎಂಬ ಬಳಲಿಕೆಯ ಗುರುತುಗಳು ಏರುತ್ತವೆ.
* ಬಿ ಕೋಶಗಳು: ಉದ್ದೀಪನೆಯಾದಾಗ ಸಿಡಿ80 ಮತ್ತು ಸಿಡಿ86 ಹೆಚ್ಚುತ್ತವೆ. ಪ್ರತಿಕಾಯ ಸ್ರವಿಸುವ ಕೋಶಗಳಾಗಿ ಮಾರ್ಪಡುವಾಗ ಸಿಡಿ38 ಏರಿ ಸಿಡಿ20 ಇಳಿಯುತ್ತದೆ.
* ಸಹಜ ಮಾರಕ ಕೋಶಗಳು: ಐಎಲ್-2 ಅಥವಾ ಐಎಲ್-15 ಕೊಟ್ಟಾಗ ಸಿಡಿ69 ಮತ್ತು ಸಿಡಿ56 ಏರುತ್ತವೆ. ಬಲವಾದ ಉದ್ದೀಪನೆಯಲ್ಲಿ ಸಿಡಿ16 ಕತ್ತರಿಸಿಹೋಗುತ್ತದೆ.
* ಮೊನೊಸೈಟುಗಳು: ಅತಿ ಹೆಚ್ಚು ಬದಲಾಗುವ ಕೋಶಗಳು ಇವೇ. ಎಂ-ಸಿಎಸ್‌ಎಫ್ ಇದ್ದರೆ ಸಿಡಿ14 ಉಳಿಸಿಕೊಂಡು ಸಿಡಿ16 ಮತ್ತು ಸಿಡಿ163 ಇರುವ ಮ್ಯಾಕ್ರೊಫೇಜುಗಳಾಗುತ್ತವೆ. ಜಿಎಂ-ಸಿಎಸ್‌ಎಫ್ ಮತ್ತು ಐಎಲ್-4 ಇದ್ದರೆ ಸಿಡಿ14 ಕಳೆದುಕೊಳ್ಳುತ್ತವೆ. ಸ್ಟೆರಾಯ್ಡ್‌ಗಳು ಸಿಡಿ163ನ್ನು ಏರಿಸುತ್ತವೆ.
* ನ್ಯೂಟ್ರೊಫಿಲ್‌ಗಳು: ದೇಹದ ಹೊರಗೆ ಅಲ್ಪಾಯುಷಿಗಳು. ಸಾಯುತ್ತಿರುವ ನ್ಯೂಟ್ರೊಫಿಲ್‌ಗಳು ಸಿಡಿ16ನ್ನು ಕಳೆದುಕೊಳ್ಳುತ್ತವೆ.

ಎಚ್‌ಐವಿ ಸಂಶೋಧನೆ ಮತ್ತು ಸಿಡಿ4 ಎಣಿಕೆ

ಎಚ್‌ಐವಿ ಕೋಶವನ್ನು ಹೊಗಲು ಸಿಡಿ4 ಬೇಕೆಂಬುದು 1984ರಲ್ಲೂ, ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಸಹಗ್ರಾಹಕವಾಗಿ ಬೇಕೆಂಬುದು 1996ರಲ್ಲೂ ತಿಳಿದುಬಂದವು. ಭಾರತದಲ್ಲಿ ಪ್ರಧಾನವಾಗಿರುವ ಎಚ್‌ಐವಿ-1ರ ಸಿ ಉಪವಿಧವು ಬಹುಮಟ್ಟಿಗೆ ಸಿಸಿಆರ್5ನ್ನು ಬಳಸುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡವು ಈ ಉಪವಿಧವನ್ನು ಅಧ್ಯಯನ ಮಾಡಿದೆ.

ಈ ವೈರಾಣುವಿನ ಪ್ರಯೋಗಗಳಲ್ಲಿ ಕೃಷಿ ಪರಿಸ್ಥಿತಿಯು ಫಲಿತಾಂಶವನ್ನೇ ನಿರ್ಧರಿಸಬಲ್ಲದು. ಐಎಲ್-2 ಕೊಟ್ಟು ಬೆಳೆಸಿದ ಟಿ ಕೋಶಗಳಲ್ಲಿ ಸಿಸಿಆರ್5 ಏರುತ್ತದೆ. ತಾಜಾ ಮೊನೊಸೈಟುಗಳಿಗೆ ಹೋಲಿಸಿದರೆ ಅವುಗಳಿಂದ ಬೆಳೆದ ಮ್ಯಾಕ್ರೊಫೇಜುಗಳಲ್ಲೂ ಸಿಸಿಆರ್5 ಹೆಚ್ಚು. ಹೀಗಾಗಿ ‘ಈ ಕೋಶ ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ’ ಎಂಬ ಮಾತಿಗೆ ಎಷ್ಟನೆಯ ದಿನದ, ಯಾವ ಸೈಟೊಕೈನಿನಲ್ಲಿ ಬೆಳೆದ ಕೋಶ ಎಂಬ ವಿವರ ಸೇರಿದಾಗಲೇ ಅರ್ಥ ಬರುತ್ತದೆ.

ಚಿಕಿತ್ಸಾ ಕೇಂದ್ರಗಳಲ್ಲಿ ನಡೆಯುವ ಸಿಡಿ4 ಎಣಿಕೆಗೆ ಕೋಶಗಳನ್ನು ಬೆಳೆಸುವುದಿಲ್ಲ. ಆದರೆ ಸೂಜಿಯಿಂದ ಯಂತ್ರದವರೆಗಿನ ಪ್ರಯಾಣದಲ್ಲಿ ರಕ್ತದ ನಳಿಕೆಯೇ ಒಂದು ಕೃಷಿ ಪಾತ್ರೆಯಂತೆ ವರ್ತಿಸುತ್ತದೆ. ಅದರೊಳಗೆ ಪೋಷಕಾಂಶ ಮುಗಿಯುತ್ತದೆ, ಕೋಶಗಳು ಸಾಯುತ್ತವೆ. ಇಡಿಟಿಎ ನಳಿಕೆಯ ರಕ್ತವನ್ನು ಶೈತ್ಯಪೆಟ್ಟಿಗೆಯಲ್ಲಿಡದೆ ಕೊಠಡಿ ಉಷ್ಣತೆಯಲ್ಲಿಟ್ಟು ಸಾಮಾನ್ಯವಾಗಿ 48 ಗಂಟೆಗಳೊಳಗೆ ಪ್ರತಿಕಾಯ ಬೆರೆಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ‘ಕೊಠಡಿ ಉಷ್ಣತೆ’ ಎಂದರೆ ಸುಮಾರು 18ರಿಂದ 25 ಡಿಗ್ರಿ ಸೆಲ್ಸಿಯಸ್. ಚಿತ್ರದುರ್ಗ ಜಿಲ್ಲೆಯಂಥ ಬಯಲುಸೀಮೆಯಲ್ಲಿ ಬೇಸಿಗೆಯ ಹಗಲು ಇದಕ್ಕಿಂತ ಬಹಳ ಬಿಸಿ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂಥ ಹೆದ್ದಾರಿ ಬದಿಯ ಊರಿನಿಂದ ಮಾದರಿಯೊಂದು ದೂರದ ಪ್ರಯೋಗಾಲಯಕ್ಕೆ ವಾಹನದಲ್ಲಿ ಹೋಗಬೇಕಾದರೆ ದೂರಕ್ಕಿಂತ ಪೆಟ್ಟಿಗೆಯೊಳಗಿನ ಉಷ್ಣತೆಯೇ ಹೆಚ್ಚಿನ ಅಪಾಯ. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ಗಂಟೆಗಳ ಲೆಕ್ಕದಲ್ಲಿ ಇದು 48ರ ಮಿತಿಯೊಳಗೇ ಇದ್ದರೂ ಬಿಸಿಲಿನಲ್ಲಿ ನಿಂತ ವಾಹನದೊಳಗಿನ ಮಾದರಿ ಅದಕ್ಕೆ ಮೊದಲೇ ಕೆಡಬಹುದು. ಹಾಗೆಂದು ಮಂಜುಗಡ್ಡೆಗೆ ತಾಗಿಸಿ ಇಡುವುದೂ ಸರಿಯಲ್ಲ.

ಭಾರತದಲ್ಲಿ 2017ರಿಂದ ಸಿಡಿ4 ಎಣಿಕೆ ಎಷ್ಟೇ ಇದ್ದರೂ ಎಲ್ಲ ಎಚ್‌ಐವಿ ಸೋಂಕಿತರಿಗೂ ಚಿಕಿತ್ಸೆ ನೀಡಲಾಗುತ್ತದೆ. ಆದರೂ ಎಣಿಕೆಯ ಮಹತ್ವ ಕುಂದಿಲ್ಲ. ವಯಸ್ಕರಲ್ಲಿ ಪ್ರತಿ ಮೈಕ್ರೊಲೀಟರಿಗೆ 200ಕ್ಕಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಮುಂದುವರಿದ ರೋಗವೆಂದು ಪರಿಗಣಿಸುತ್ತದೆ. ಕ್ಷಯ ಮತ್ತು ಶಿಲೀಂಧ್ರ ಸೋಂಕುಗಳ ತಪಾಸಣೆಯ ತೀರ್ಮಾನಗಳಿಗೆ ಈ ಸಂಖ್ಯೆ ಆಧಾರವಾಗುತ್ತದೆ. ಕೆಟ್ಟ ಮಾದರಿಯಿಂದ ಬಂದ ಒಂದು ತಪ್ಪು ಸಂಖ್ಯೆ ರೋಗಿಯನ್ನು ಈ ಗಡಿಯ ತಪ್ಪು ಬದಿಗೆ ತಳ್ಳಬಹುದು.

ಕಾರ್-ಟಿ ಚಿಕಿತ್ಸೆಯಲ್ಲಿ ಕೃಷಿಯ ಪಾತ್ರ

ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶದ ಪ್ರತಿಜನಕವನ್ನು ಗುರುತಿಸುವ ಕೃತಕ ಗ್ರಾಹಕದ ಜೀನನ್ನು ಅವುಗಳಿಗೆ ಸೇರಿಸಿ, ಕೃಷಿಯಲ್ಲಿ ಹೆಚ್ಚಿಸಿ, ಮತ್ತೆ ರೋಗಿಗೆ ಕೊಡುತ್ತಾರೆ. ಭಾರತದಲ್ಲಿ ಮುಂಬಯಿಯ ಇಮ್ಯುನೊಆಕ್ಟ್ ಸಂಸ್ಥೆಯ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮೋದನೆ ದೊರೆಯಿತು. ಬೆಂಗಳೂರಿನಲ್ಲಿ 2019ರಲ್ಲಿ ಸ್ಥಾಪನೆಯಾದ ಇಮ್ಯುನೀಲ್ ಥೆರಪ್ಯೂಟಿಕ್ಸ್ ಸಂಸ್ಥೆಯು ಸ್ಪೇನಿನ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನಲ್ಲಿ ಮೊದಲು ರೂಪುಗೊಂಡ ಚಿಕಿತ್ಸೆಯನ್ನು ಆಧರಿಸಿದ ಕಾರ್ಟೆಮಿಯನ್ನು 2025ರ ಜನವರಿಯಲ್ಲಿ ಬಳಕೆಗೆ ತಂದಿತು. ಎರಡೂ ಸಿಡಿ19 ಪ್ರತಿಜನಕವನ್ನು ಗುರಿಯಾಗಿಸುತ್ತವೆ.

ಇಲ್ಲಿ ಕೃಷಿಯೇ ಔಷಧದ ತಯಾರಿಕೆ. ಸಿಡಿ3 ಮತ್ತು ಸಿಡಿ28ರ ಮೂಲಕ ಉದ್ದೀಪಿಸಿದ ಟಿ ಕೋಶಗಳನ್ನು ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೆಳೆಸುವುದು ಸಾಮಾನ್ಯ. ಐಎಲ್-2 ಬಳಸಿದರೆ ಕೋಶಗಳು ವೇಗವಾಗಿ ಹೆಚ್ಚುತ್ತವೆ, ಆದರೆ ಬೇಗ ಪಕ್ವಗೊಳ್ಳುತ್ತವೆ. ಐಎಲ್-7 ಮತ್ತು ಐಎಲ್-15 ಬಳಸಿದರೆ ಸಿಡಿ45ಆರ್‌ಎ, ಸಿಡಿ62ಎಲ್ ಮತ್ತು ಸಿಸಿಆರ್7 ಇರುವ ಎಳೆಯ ಸ್ಮೃತಿಕೋಶಗಳು ಹೆಚ್ಚು ಉಳಿಯುತ್ತವೆ. ಇಂಥ ಕೋಶಗಳು ರೋಗಿಯ ದೇಹದಲ್ಲಿ ಹೆಚ್ಚು ಕಾಲ ಬದುಕುವ ಸಾಮರ್ಥ್ಯ ಹೊಂದಿರುತ್ತವೆ. ಕೃಷಿಯ ಅವಧಿಯನ್ನು ಒಂಬತ್ತು ದಿನಗಳಿಂದ ಮೂರು ದಿನಗಳಿಗೆ ಇಳಿಸಿದಾಗ ಕೋಶಗಳ ಸಂಖ್ಯೆ ಕಡಿಮೆಯಾದರೂ ಕ್ಯಾನ್ಸರ್ ನಾಶಪಡಿಸುವ ಶಕ್ತಿ ಹೆಚ್ಚಿದ್ದು ಪ್ರಾಣಿಪ್ರಯೋಗಗಳಲ್ಲಿ ಕಂಡುಬಂದಿದೆ. ಸಂಖ್ಯೆ ಮತ್ತು ಎಳೆತನ ಇವೆರಡರ ನಡುವೆ ಸಮತೋಲ ಸಾಧಿಸುವುದು ತಯಾರಕರ ಮುಖ್ಯ ಸವಾಲು.

ಅಳತೆಯಲ್ಲಿ ವಹಿಸುವ ಎಚ್ಚರಿಕೆಗಳು

ಕೃಷಿಯಿಂದ ನಿಜವಾಗಿ ಉಂಟಾದ ಬದಲಾವಣೆಯನ್ನು ಅಳತೆಯ ದೋಷದಿಂದ ಬೇರ್ಪಡಿಸಲು ಕೆಳಗಿನ ಕ್ರಮಗಳನ್ನು ಅನುಸರಿಸಲಾಗುತ್ತದೆ.

* ಸತ್ತ ಕೋಶಗಳು ಯಾವ ಪ್ರತಿಕಾಯಕ್ಕಾದರೂ ಅಂಟಿಕೊಳ್ಳುವುದರಿಂದ, ಅವನ್ನು ಗುರುತಿಸುವ ಬಣ್ಣ ಬಳಸಿ ಲೆಕ್ಕದಿಂದ ಹೊರಗಿಡುವುದು.
* ಮೊನೊಸೈಟುಗಳ ಎಫ್‌ಸಿ ಗ್ರಾಹಕಗಳು ಪ್ರತಿಕಾಯದ ಬಾಲವನ್ನು ಹಿಡಿಯದಂತೆ ಮೊದಲೇ ತಡೆಯುವುದು.
* ಕೃಷಿಯಲ್ಲಿ ದೊಡ್ಡದಾದ ಕೋಶಗಳು ತಾವಾಗಿಯೇ ಹೆಚ್ಚು ಹೊಳೆಯುವುದರಿಂದ, ಪ್ರತಿಕಾಯ ಹಾಕದ ಕೋಶಗಳನ್ನು ಪ್ರತಿ ದಿನವೂ ಪ್ರತ್ಯೇಕವಾಗಿ ಅಳೆಯುವುದು.
* ಪ್ರತಿಜನಕ ಒಳಸೇರದಂತೆ ಪ್ರತಿಕಾಯ ಬೆರೆಸುವ ಕೆಲಸವನ್ನು ತಣ್ಣಗಿನ ಸ್ಥಿತಿಯಲ್ಲಿ ನಡೆಸುವುದು.
* ಕೃಷಿ ಆರಂಭಿಸುವ ಮೊದಲು, ಶೂನ್ಯ ದಿನದಂದೇ ಅಳತೆ ಮಾಡಿಟ್ಟುಕೊಳ್ಳುವುದು.
* ಉದ್ದೀಪಕ ಸೇರಿಸದ ಪಾತ್ರೆಯನ್ನೂ ಅಷ್ಟೇ ಕಾಲ ಬೆಳೆಸಿ ಹೋಲಿಸುವುದು.
* ಶೇಕಡಾವಾರು, ಸರಾಸರಿ ತೀವ್ರತೆ ಮತ್ತು ಜೀವಂತ ಕೋಶಗಳ ಒಟ್ಟು ಸಂಖ್ಯೆ ಈ ಮೂರನ್ನೂ ವರದಿ ಮಾಡುವುದು.
* ಮಾಧ್ಯಮ, ಸೀರಮ್‌ನ ತಂಡದ ಸಂಖ್ಯೆ, ಕೋಶದಟ್ಟಣೆ, ಅನಿಲದ ಪ್ರಮಾಣ ಮತ್ತು ಅವಧಿಯನ್ನು ದಾಖಲಿಸುವುದು.

ಇವುಗಳಲ್ಲಿ ಉದ್ದೀಪಕವಿಲ್ಲದ ಪಾತ್ರೆಯ ಹೋಲಿಕೆ ವಿಶೇಷವಾಗಿ ಮುಖ್ಯವಾದುದು. ಔಷಧ ಕೊಟ್ಟ ಕೋಶಗಳಲ್ಲಿ ಮೂರನೆಯ ದಿನ ಕಂಡ ಬದಲಾವಣೆಯನ್ನು ಶೂನ್ಯ ದಿನದೊಂದಿಗೆ ಮಾತ್ರ ಹೋಲಿಸಿದರೆ, ಕೇವಲ ಮೂರು ದಿನ ಪಾತ್ರೆಯಲ್ಲಿದ್ದುದರ ಪರಿಣಾಮವೂ ಔಷಧದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇವನ್ನೂ ನೋಡಿ

* ಪ್ರತಿರಕ್ಷಣಾ ವ್ಯವಸ್ಥೆ
* ಬಿಳಿ ರಕ್ತಕಣ
* ಪ್ರತಿಕಾಯ
* ಅಂಗಾಂಶ ಕೃಷಿ
* ಎಚ್‌ಐವಿ